ಸಭೆಯ ಮಾನ ಅಂದ್ರೆ ಯಾರ ಮಾನ?

ಪೋಸ್ಟ್ ಉದ್ದ ಆಗಿದೆ, ಮೊದಲೇ ಹೇಳಿಬಿಡ್ತೀನಿ. ಬೈಯೋರು ಪೂರ್ತಿ ಓದಿ ಬೈಯಿರಿ.

ವಿಶ್ವಾಸಿ ವಿಶ್ವಾಸಿಯನ್ನ ಬಿಟ್ಟುಕೊಡಬಾರದು ಅನ್ನೋ ಮಾತನ್ನ ನಮ್ಮ ಸಭೆಗಳಲ್ಲಿ ಮುಖ್ಯವಾಗಿ ಎರಡು ಹೊತ್ತಿನಲ್ಲಿ ಹೇಳ್ತಾರೆ. ಒಂದು, ಕಟ್ಟಡಕ್ಕೆ ಕಾಣಿಕೆ ಕೇಳುವಾಗ. ಇನ್ನೊಂದು, ಯಾರಾದ್ರೂ ಜಾತಿ ಮಾತು ಎತ್ತಿದಾಗ. ಎತ್ತಿದ ಕೂಡಲೇ ಒಬ್ಬ ಹಿರಿಯರು ಎದ್ದು ನಿಂತು, "ತಮ್ಮಾ, ಮನಿ ಮಾತು ಮನ್ಯಾಗೇ ಇರ್ಲಿ. ಸಭೆ ಮಾನ ಬೀದಿಗ್ಯಾಕ ತರ್ತಿ? ಕ್ರಿಸ್ತನಲ್ಲಿ ನಾವೆಲ್ಲ ಅಣ್ಣತಮ್ಮ ಅಲ್ಲೇನು?" ಅಂತಾರೆ. ಎತ್ತಿದವನು ಕೂತುಕೊಳ್ತಾನೆ. ಪ್ರಾರ್ಥನೆ ಆಗುತ್ತೆ. ಚಹಾ ಬರುತ್ತೆ.

ನನ್ನ ತಕರಾರು ಇರೋದು ಈ ಅಣ್ಣತಮ್ಮಂದಿರ ಲೆಕ್ಕದ ಮೇಲೆ. ತಮ್ಮನಿಗೆ ನೋವಾಗಿದೆ ಅಂದಾಗ ಅಣ್ಣನ ಮಾನದ ಚಿಂತೆ ಮಾಡೋದು ಪ್ರೀತಿಯೂ ಅಲ್ಲ, ನಿಷ್ಠೆಯೂ ಅಲ್ಲ. ಅದು ಅಣ್ಣನಿಗೆ ಅನುಕೂಲ, ಅಷ್ಟೇ.

ನಾನು ಬೀದರ್ ಜಿಲ್ಲೆಯವನು. ನಮ್ಮ ಮುತ್ತಜ್ಜ ನಿಜಾಮರ ಕಾಲದಲ್ಲಿ ದೀಕ್ಷಾಸ್ನಾನ ತಗೊಂಡವನು. ಆಗ ನಮ್ಮ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಹಳ್ಳಿ ಹಳ್ಳಿಗೆ ಬಂದ್ರು, ಮಾದಿಗರ ಕೇರಿ, ಹೊಲೆಯರ ಕೇರಿಗಳಲ್ಲಿ ಮನೆತನಗಳೇ ಒಟ್ಟಿಗೆ ಸಭೆಗೆ ಸೇರಿದವು. ಒಬ್ಬೊಬ್ಬರಾಗಿ ಸೇರಿದ್ದು ಕಡಿಮೆ. ಹೀಗಾಗಿ ನಮ್ಮ ಕಡೆ ಸಭೆ ಅಂದ್ರೆ ಮೊದಲಿನಿಂದಲೂ ಕೇರಿಯೇ. ಮುತ್ತಜ್ಜನಿಗೆ ತ್ರಯೇಕ ದೇವರ ಸಿದ್ಧಾಂತ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ. ಆದ್ರೆ ಒಬ್ಬ ಬಿಳಿ ಮನುಷ್ಯ ತನ್ನ ಪಕ್ಕ ಕೂತು ತನ್ನ ಮನೆ ರೊಟ್ಟಿ ತಿಂದ ಅನ್ನೋದನ್ನ ಅವನು ಸಾಯೋ ತನಕ ಹೇಳ್ತಿದ್ದನಂತೆ. ನಮ್ಮ ಮನೆತನದ ವಿಶ್ವಾಸದ ಬುಡ ಅದು. ಒಂದು ರೊಟ್ಟಿ.

ನಾನು ಸಭೆಯಲ್ಲಿ ಬೆಳೆದವನು, ಜೈ ಭೀಮ್ ಅನ್ನೋನು. ಎರಡೂ ಹೇಗೆ ಅಂತ ಎರಡೂ ಕಡೆಯವರು ಕೇಳ್ತಾರೆ. ಅದರ ಬಗ್ಗೆ ಆಮೇಲೆ ಬರ್ತೀನಿ. ಹೊಟ್ಟೆಪಾಡಿಗೆ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ.

ಸಭೆಯಲ್ಲಿ ಪ್ರೀತಿ ಇಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ. ನಮ್ಮ ಅವ್ವ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಾಗ ಸಭೆಯ ಹೆಣ್ಣುಮಕ್ಕಳು ಪಾಳಿ ಹಾಕಿಕೊಂಡು ಬುತ್ತಿ ತಂದ್ರು. ಒಬ್ಬಾಕೆ ರಾತ್ರಿ ನೆಲದ ಮೇಲೆ ಮಲಗಿದ್ಲು. ಮಣ್ಣಿಗೆ ಬರೋದು, ಕಷ್ಟಕ್ಕೆ ಕೈಗಡ ಕೊಡೋದು, ಮಗು ಹುಟ್ಟಿದ್ರೆ ಬಂದು ಹಾಡಿ ಹೋಗೋದು, ಇದೆಲ್ಲ ನಮ್ಮಲ್ಲಿ ಇದೆ. ದುಡ್ಡಿನಲ್ಲಿ ಸಿಗದಂಥದ್ದು. ಅದನ್ನ ಬಲ್ಲವನಾಗಿಯೇ ನಾನು ಮುಂದಿನದನ್ನ ಬರೀತಿದೀನಿ.

ಆ ಪ್ರೀತಿ ಒಂದು ಗೆರೆಗೆ ಬಂದು ನಿಲ್ಲುತ್ತೆ. ಗೆರೆ ಎಲ್ಲಿದೆ ಅಂತ ಗೊತ್ತಾಗಬೇಕಾದ್ರೆ ಮನೆಯಲ್ಲಿ ಮದುವೆ ಮಾತು ಎತ್ತಬೇಕು. "ನಿಮ್ದು ಮೊದ್ಲಿಂದು ಯಾವ್ದ್ರಿ?" ಈ ಒಂದು ಪ್ರಶ್ನೆ. ನೂರು ವರ್ಷ ಆಯ್ತು, ನಾಲ್ಕು ತಲೆಮಾರು ಆಯ್ತು, ಅಜ್ಜ ಪ್ರಸಂಗಿ, ಅಪ್ಪ ಮಿಷನ್ ಶಾಲೆ ಮಾಸ್ತರ, ಆದ್ರೂ "ಮೊದ್ಲಿಂದು" ಬೇಕು. ಅದೂ ಯಾರು ಯಾರನ್ನ ಕೇಳೋದು? ಬ್ರಾಹ್ಮಣ ಮೂಲದವರು ನಮ್ಮ ಕಡೆ ಸಭೆಗಳಲ್ಲಿ ಎಷ್ಟು ಜನ ಇದಾರೆ? ಹೊಲೆಯ ಮೂಲದವರು ಮಾದಿಗ ಮೂಲದವರನ್ನ ಕೇಳ್ತಾರೆ. ಮಾದಿಗ ಮೂಲದವರು ಡೋರ ಮೂಲದವರನ್ನ ಕೇಳ್ತಾರೆ. ಇದನ್ನ ಬರೆದಿದ್ದಕ್ಕೆ ನನ್ನ ಸಂಘಟನೆಯ ಗೆಳೆಯರೇ ಸಿಟ್ಟಾಗ್ತಾರೆ, ಗೊತ್ತು. ಆಗ್ಲಿ.

ಊರು ಬಿಟ್ಟು ಆಚೆ ನೋಡಿದ್ರೂ ಕತೆ ಬೇರೆ ಇಲ್ಲ. ಮಂಗಳೂರು, ಗೋವಾ ಕಡೆಯ ಕ್ಯಾಥೊಲಿಕರಲ್ಲಿ ಬಾಮಣ, ಚಾರೊಡಿ, ಸುದಿರ್ ಅನ್ನೋ ವಿಂಗಡಣೆ ನೂರಾರು ವರ್ಷ ಉಳಿದುಕೊಂಡು ಬಂದಿದೆ, ಈಗಲೂ ಸಂಬಂಧ ನೋಡುವಾಗ ವಿಚಾರಿಸ್ತಾರೆ. ತಮಿಳುನಾಡಿನ ತಿರುಚ್ಚಿಯಲ್ಲಿ ಸತ್ತವರ ನಡುವೆ ಗೋಡೆ ಕಟ್ಟಿದ ಕ್ರೈಸ್ತ ಸ್ಮಶಾನದ ಬಗ್ಗೆ ಎಷ್ಟೋ ಸಲ ಪತ್ರಿಕೆಯಲ್ಲಿ ಬಂದಿದೆ. ಆಗಿನ ವಿಳ್ಳುಪುರಂ ಜಿಲ್ಲೆಯ ಎರೆಯೂರಿನಲ್ಲಿ 2008ರಲ್ಲಿ ದಲಿತ ಕ್ಯಾಥೊಲಿಕರು ನಮಗೆ ಬೇರೆ ಧರ್ಮಕೇಂದ್ರ ಕೊಡಿ ಅಂತ ಕೇಳಿದ್ದಕ್ಕೆ ಅದೇ ಊರಿನ ವನ್ನಿಯ ಕ್ಯಾಥೊಲಿಕರು ಮೇಲೆ ಬಿದ್ದರು, ಪೊಲೀಸರು ಗುಂಡು ಹಾರಿಸೋ ತನಕ ಹೋಯ್ತು, ಇಬ್ಬರು ಸತ್ತರು. ಕೇರಳದ ಕೋಟ್ಟಯಂನ ಕೆವಿನ್ ಜೋಸೆಫ್ ಅನ್ನೋ ದಲಿತ ಕ್ರೈಸ್ತ ಹುಡುಗ 2018ರಲ್ಲಿ ಪ್ರೀತಿಸಿ ಮದುವೆ ಆಗಿದ್ದಕ್ಕೆ ಕೊಲೆಯಾದ. ಮರುವರ್ಷ ಕೋರ್ಟು ಅದನ್ನ ಮರ್ಯಾದೆ ಹತ್ಯೆ ಅಂತಲೇ ಕರೆದು ಹತ್ತು ಜನರಿಗೆ ಶಿಕ್ಷೆ ಕೊಟ್ಟಿತು. ಆ ಹುಡುಗಿಯ ಅಪ್ಪನೂ ಕ್ರೈಸ್ತನೇ.

ಈಗ ಬೈಬಲ್ ತೆಗೆಯೋಣ. ನಾನು ಪಾಸ್ಟರ್ ಅಲ್ಲ, ದೇವಜ್ಞಾನ ಓದಿದವನಲ್ಲ, ಬಿ.ಎ. ಪಾಸು. ಆದ್ರೆ ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ಯಾರು ಓದಿದ್ರೂ ತಿಳಿಯುತ್ತೆ. ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಬೇರೆ ಜನಾಂಗದವರೂ ಒಂದೇ ಪಂಕ್ತಿಯಲ್ಲಿ ಊಟ ಮಾಡ್ತಿದ್ರು. ಪೇತ್ರ ಕೂಡ ಅವರ ಜೊತೆ ಕೂತು ಉಣ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದ್ರು. ಅವರು ಏನಂದುಕೊಂಡಾರೋ ಅನ್ನೋ ಅಂಜಿಕೆಗೆ ಪೇತ್ರ ಮೆಲ್ಲಗೆ ಪಂಕ್ತಿಯಿಂದ ಎದ್ದು ಹಿಂದೆ ಸರಿದ. ಅವನನ್ನ ನೋಡಿ ಉಳಿದ ಯೆಹೂದ್ಯರು ಸರಿದ್ರು, ಬಾರ್ನಬನಂಥ ಒಳ್ಳೇ ಮನುಷ್ಯನೂ ಸರಿದ.

ಆಗ ಪೌಲ ಏನು ಮಾಡಿದ? ಪೇತ್ರನನ್ನ ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಲಿಲ್ಲ. ಕಮಿಟಿಗೆ ವಿಷಯ ಇಡಲಿಲ್ಲ. ಎಲ್ಲರ ಎದುರು, ಮುಖಕ್ಕೆ ಮುಖ ಕೊಟ್ಟು, ನೀನು ಮಾಡ್ತಿರೋದು ತಪ್ಪು ಅಂದ. ಅಂದಿದ್ದು ಯಾರಿಗೆ? ಯೇಸು ಸ್ವಾಮಿಯ ಜೊತೆ ನಡೆದಾಡಿದವನಿಗೆ, ಸಭೆಯ ದೊಡ್ಡ ಕಂಬಕ್ಕೆ. ಅಷ್ಟೇ ಸಾಲದು ಅಂತ ಅದನ್ನ ಪತ್ರದಲ್ಲಿ ಬರೆದು ಬೇರೆ ಊರಿನ ಸಭೆಗಳಿಗೂ ಕಳಿಸಿದ. ಎರಡು ಸಾವಿರ ವರ್ಷದಿಂದ ಲೋಕವೆಲ್ಲ ಓದ್ತಾ ಇದೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪೌಲ ಪೋಸ್ಟ್ ಹಾಕಿದ, ಶೇರ್ ಮಾಡಿ ಅಂದ.

ಸಭೆಯ ಮಾನ ಬೀದಿಗೆ ಬಂತಲ್ಲ, ಆವಾಗ ಯಾಕೆ ಯಾರೂ ಮನೆ ಮಾತು ಮನೆಯಲ್ಲಿ ಇರಲಿ ಅನ್ನಲಿಲ್ಲ? ಯಾಕಂದ್ರೆ ಪಂಕ್ತಿಯಲ್ಲಿ ಉಳಿದವರ ಮಾನ ಆಗಲೇ ಹೋಗಿತ್ತು. ಪೌಲ ಆ ಮಾನದ ಪರವಾಗಿ ಮಾತಾಡಿದ. ಪಂಕ್ತಿಯಿಂದ ಒಬ್ಬ ಎದ್ದು ಹೋದ್ರೆ ಏನಾಗುತ್ತೆ ಅಂತ ನಮಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದು ನಮ್ಮ ಅಜ್ಜ-ಅಜ್ಜಿಯರಿಗೆ ದಿನಾ ಆಗ್ತಿದ್ದದ್ದೇ.

ಇನ್ನು ಅಸಲು ವಿಷಯ. ಮುಚ್ಚಿಡೋ ನಿಷ್ಠೆಯಿಂದ ಮನಸ್ಸಿಗೆ ನೋವಾಗುತ್ತೆ ಅನ್ನೋದು ಒಂದಾದ್ರೆ, ಅದರಿಂದ ಕಾನೂನಿನಲ್ಲಿ ನಮಗೆ ಆಗಿರೋ ನಷ್ಟ ಇನ್ನೊಂದು. ಇದನ್ನ ನಮ್ಮ ಹಿರಿಯರಲ್ಲಿ ಬಹಳ ಜನ ಯೋಚನೆಯೇ ಮಾಡಿಲ್ಲ.

1950ರ ಆಗಸ್ಟ್ 10ರಂದು ಹೊರಟ ಪರಿಶಿಷ್ಟ ಜಾತಿಗಳ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸೋನು ಪರಿಶಿಷ್ಟ ಜಾತಿಯವನಲ್ಲ ಅಂತ ಹೇಳುತ್ತೆ. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದ್ರು. ಮದ್ರಾಸಿನಲ್ಲಿ ಸೂಸೈ ಅಂತ ಒಬ್ಬ ಚಮ್ಮಾರ ಇದ್ದ. ಆದಿ ದ್ರಾವಿಡ, ಕ್ರೈಸ್ತನಾದವನು. ರಸ್ತೆ ಬದಿ ಕೂತು ಚಪ್ಪಲಿ ಹೊಲೀತಿದ್ದ. ಅವನಂಥ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಟ್ಟಿತು, ಇವನಿಗೆ ಕೊಡಲಿಲ್ಲ. ಕಾರಣ, ಕ್ರೈಸ್ತ. ಅದೇ ರಸ್ತೆ, ಅದೇ ಚರ್ಮ, ಅದೇ ಸೂಜಿ. ಅವನು ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ತೀರ್ಪು ಬಂತು. ಮತಾಂತರ ಆದ ಮೇಲೂ ಜಾತಿ ಹೆಸರು ಉಳಿದಿದೆ ಅಂತ ತೋರಿಸಿದ್ರೆ ಸಾಲದು, ಹೊಸ ಧರ್ಮದ ಒಳಗೂ ಅದೇ ತೀವ್ರತೆಯಲ್ಲಿ ಆ ಜಾತಿಯ ಕಷ್ಟಗಳು ಮುಂದುವರಿದಿವೆ ಅಂತ ದಾಖಲೆ ಸಮೇತ ತೋರಿಸಬೇಕು, ಅಂಥ ದಾಖಲೆ ನಮ್ಮ ಮುಂದೆ ಬಂದಿಲ್ಲ ಅನ್ನೋದು ಅದರ ಸಾರ. ಸೂಸೈ ಸೋತ.

ಸಭೆಯ ಮಾನ ಕಾಯೋ ಹಿರಿಯರೇ, ಇದನ್ನ ಇನ್ನೊಂದು ಸಲ ಓದಿ. ಕೋರ್ಟು ಕೇಳಿದ್ದು ದಾಖಲೆ. ಚರ್ಚಿನ ಒಳಗೆ ನಿಮಗೆ ಏನಾಗ್ತಿದೆ ಹೇಳಿ ಅಂತ. ನಾವೋ, "ನಮ್ಮಲ್ಲಿ ಜಾತಿ ಇಲ್ಲ" ಅಂತ ಬೋರ್ಡು ಬರೆಸಿಕೊಂಡು ಕೂತಿದ್ವಿ. ಒಬ್ಬ ದಲಿತ ವಿಶ್ವಾಸಿಗೆ ಆದ ಅವಮಾನ ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರೆಯದೇ ಹೋದ್ರೆ, ಅದು ನಡೆದೇ ಇಲ್ಲ ಅಂತ ಲೆಕ್ಕ. ನಾನು ಗುಮಾಸ್ತ, ನನಗೆ ಗೊತ್ತು. ಕಾಗದದಲ್ಲಿ ಇಲ್ಲದ್ದು ಆಫೀಸಿನಲ್ಲಿ ಇಲ್ಲ.

ಹಾಗಂತ ಚರ್ಚಿನವರು ಯಾರೂ ಬಾಯಿ ಬಿಟ್ಟಿಲ್ಲ ಅಂತಲ್ಲ. ಅರವಿಂದ ನಿರ್ಮಲ್ 1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ನಿಂತು ಈ ಮಾತು ಎತ್ತಿದ್ರು, ದಲಿತ ದೇವಜ್ಞಾನ ಅನ್ನೋದು ಅಲ್ಲಿಂದ ಬೆಳೆಯಿತು. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಚರ್ಚಿನ ಒಳಗೆ ಅಸ್ಪೃಶ್ಯತೆ ಇದೆ ಅಂತ ತಾನೇ ಒಪ್ಪಿಕೊಂಡಿತು. ದೇಶದ 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ದಲಿತರು ಅಂತಲೂ ಅದರಲ್ಲೇ ಇದೆ. ಹಾಗಿದ್ದೂ ದಲಿತ ಮೂಲದ ಮೊದಲ ಕಾರ್ಡಿನಲ್, ಹೈದರಾಬಾದಿನ ಆಂಥನಿ ಪೂಲಾ, ಆಗಿದ್ದು 2022ರಲ್ಲಿ. ಸಂತೋಷ ಪಟ್ಟವರಲ್ಲಿ ನಾನೂ ಒಬ್ಬ, ಮೆಥೋಡಿಸ್ಟ್ ಆದ್ರೂ.

2007ರಲ್ಲಿ ರಂಗನಾಥ್ ಮಿಶ್ರಾ ಆಯೋಗ ಪರಿಶಿಷ್ಟ ಜಾತಿ ಸ್ಥಾನವನ್ನ ಧರ್ಮದಿಂದ ಬಿಡಿಸಿ ಅಂತ ಶಿಫಾರಸು ಮಾಡಿತು. ಕಡತ ಮಲಗಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಹಾಕಿತು. ಇಂಥ ಆಯೋಗದ ಮುಂದೆ ಹೋಗಿ ನಿಂತು, ನಮ್ಮ ಸಭೆಯಲ್ಲಿ ನಮಗೆ ಹೀಗಾಯ್ತು ಅಂತ ಹೇಳೋ ಧೈರ್ಯ ಯಾವ ಸಭೆ ತನ್ನ ಜನರಿಗೆ ಕೊಡ್ತು? ಆಗಸ್ಟ್ 10ಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸೋದು ಸುಲಭ. ಆಗಸ್ಟ್ 11ಕ್ಕೆ ತನ್ನದೇ ನಡಾವಳಿ ಪುಸ್ತಕ ತೆಗೆಯೋದು ಕಷ್ಟ.

ಜೂನ್ ಬಂತಂದ್ರೆ ನನ್ನ ಟೇಬಲ್ ಮೇಲೆ ಅಡ್ಮಿಷನ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರಗಳ ರಾಶಿ. ಆರ್‌ಡಿ ನಂಬರ್ ಹೊಡೆದು ನೋಡೋದು, ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಸರಿ ಹೊಂದುತ್ತಾ ನೋಡೋದು ನನ್ನ ಕೆಲಸ. ನಮ್ಮ ಕಡೆ ಮಕ್ಕಳಿಗೆ ಎರಡು ಹೆಸರು ಇರೋದು ಹೊಸದೇನಲ್ಲ. ಒಂದು ಸಭೆ ಹೆಸರು, ಒಂದು ಸಾಲಿ ಹೆಸರು. ಸಭೆಯಲ್ಲಿ ರಾಹೇಲ, ಸಾಲಿಯಲ್ಲಿ ರೇಣುಕಾ.

ನಮ್ಮ ಮನೆಯಲ್ಲೇ ಇದೆ. ಅಪ್ಪ ನನ್ನನ್ನ ಶಾಲೆಗೆ ಹಾಕುವಾಗ ಕ್ರಿಶ್ಚಿಯನ್ ಅಂತ ಬರೆಸಿದ. ದೊಡ್ಡಪ್ಪ ಅವನ ಮಗನಿಗೆ ಹಿಂದೂ ಮಾದಿಗ ಅಂತ ಬರೆಸಿದ. ಇಬ್ಬರೂ ಅಣ್ಣತಮ್ಮ, ಒಂದೇ ಅಂಗಳ, ಒಂದೇ ಬೆಂಚಿನ ಮೇಲೆ ಕೂತು ಆರಾಧನೆ. ನಾನು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ-1, ಅವನು ಪರಿಶಿಷ್ಟ ಜಾತಿ. ಪ್ರವರ್ಗ-1ಕ್ಕೆ ಎಲ್ಲ ಸೇರಿ ಶೇಕಡಾ 4. ಪರಿಶಿಷ್ಟ ಜಾತಿಗೆ 17, 2025ರಲ್ಲಿ ಒಳಮೀಸಲಾತಿಯಲ್ಲಿ 6, 6, 5 ಅಂತ ಹಂಚಿಕೆ ಆಯ್ತು. ಮೂವತ್ತು ವರ್ಷ ಮಾದಿಗ ದಂಡೋರ ಅಂತ ಬೀದಿಯಲ್ಲಿ ಕೂಗಿದವರಲ್ಲಿ ಎಷ್ಟು ಜನ ಭಾನುವಾರ ಬೈಬಲ್ ಹಿಡಿಯೋರು ಇದ್ರೋ! ಕಾಗದದಲ್ಲಿ ಕ್ರಿಶ್ಚಿಯನ್ ಅಂತಿದ್ರೆ ಆ 6ರಲ್ಲಿ ಅವನಿಗೆ ಒಂದು ಕಾಳೂ ಇಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲೋ ಹಾಗಿಲ್ಲ. ಊರ ಗೌಡ ಜಾತಿ ಎತ್ತಿ ಬೈದು ಹೊಡೆದ್ರೆ ದೌರ್ಜನ್ಯ ತಡೆ ಕಾಯ್ದೆ ಹಚ್ಚೋಕೆ ಬರಲ್ಲ. ಹೊಡೆಯೋನು ಮಾತ್ರ ನೀನು ಕ್ರೈಸ್ತನೋ ಹಿಂದುವೋ ಅಂತ ಕೇಳಿ ಹೊಡೆಯಲ್ಲ.

ಈಗ ಪುಲ್ಪಿಟ್ಟಿಗೆ ಬರೋಣ. ಒಂದು ಸಭೆಯಲ್ಲಿ, ಯಾವ ಪಂಗಡ ಯಾವ ಊರು ಬರೆಯಲ್ಲ, ಹೊರಗಿನಿಂದ ಬಂದ ಪ್ರಸಂಗಿ ಒಬ್ಬರು ಪ್ರಸಂಗ ಮಾಡಿದ್ರು. ಸರ್ಟಿಫಿಕೇಟಿಗೋಸ್ಕರ ಕ್ರಿಸ್ತನನ್ನ ಅಲ್ಲಗಳೆಯೋರು ಕೋಳಿ ಕೂಗೋ ಮೊದಲು ಮೂರು ಸಲ ಸುಳ್ಳು ಹೇಳಿದ ಪೇತ್ರನ ಹಾಗೆ ಅಂತ. ಎದುರಿನ ಬೆಂಚುಗಳಲ್ಲಿ ಅರ್ಧ ಜನ ತಲೆ ತಗ್ಗಿಸಿದ್ರು. ಕಟ್ಟಡ ಕೆಲಸಕ್ಕೆ ಹೋಗೋರು, ಕೂಲಿಯವರು, ಮಕ್ಕಳು ಹಾಸ್ಟೆಲ್ಲಿನಲ್ಲಿ ಇರೋರು. ಪ್ರಸಂಗ ಮಾಡಿದವರ ಮನೆತನ ಮೇಲ್ಜಾತಿ ಮೂಲದ್ದು, ಕಾಗದದಲ್ಲಿ 3ಬಿ, ಹೊಲ ಇದೆ, ಮಕ್ಕಳು ಹೊರದೇಶದಲ್ಲಿ. ಕ್ರಿಸ್ತನನ್ನ ಒಪ್ಪಿಕೊಂಡಿದ್ದಕ್ಕೆ ಅವರು ಕಳಕೊಂಡಿದ್ದು ಏನು? ಒಂದು ಸ್ಕಾಲರ್‌ಶಿಪ್ಪೂ ಇಲ್ಲ.

ಸುಳ್ಳು ಕಾಗದ ಮಾಡಿಸಿ ಅಂತ ನಾನು ಯಾರಿಗೂ ಹೇಳಲ್ಲ. 2024ರ ನವೆಂಬರಿನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಏನು ಹೇಳಿದೆ ಅಂತ ನನಗೆ ಗೊತ್ತು. ಕ್ರೈಸ್ತ ನಂಬಿಕೆ ಪಾಲಿಸ್ತಾ ಮೀಸಲಾತಿಗಾಗಿ ಹಿಂದೂ ಅನ್ನೋದು ಸಂವಿಧಾನಕ್ಕೆ ಮಾಡೋ ವಂಚನೆ ಅಂದಿದೆ. ಆ ಕತ್ತಿ ನಮ್ಮ ಮಕ್ಕಳ ತಲೆ ಮೇಲೆ ತೂಗ್ತಾ ಇದೆ. ನಾನು ಕೇಳೋದು ಇಷ್ಟು. ವಿಶ್ವಾಸ ಅಥವಾ ಮಗುವಿನ ಹಾಸ್ಟೆಲ್ ಸೀಟು, ಎರಡರಲ್ಲಿ ಒಂದನ್ನ ಆರಿಸಿಕೋ ಅಂತ ಸರ್ಕಾರ ಒಬ್ಬ ತಾಯಿಗೆ ಹೇಳಿದಾಗ, ಅವಳ ಪಕ್ಕ ನಿಲ್ಲಬೇಕಾದ ಸಭೆಯೂ ಸರ್ಕಾರದ ಜೊತೆ ಸೇರಿ ಅವಳನ್ನೇ ಬೈದ್ರೆ ಅವಳು ಎಲ್ಲಿಗೆ ಹೋಗಬೇಕು?

ಪೌಲ ಬರೆದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಫಿಲೆಮೋನನಿಗೆ ಬರೆದದ್ದು. ಒಂದೇ ಹಾಳೆ. ಒನೇಸಿಮ ಅನ್ನೋ ಗುಲಾಮ ಧಣಿಯಿಂದ ದೂರವಾಗಿ ಪೌಲನ ಹತ್ತಿರ ಬಂದಿದ್ದ, ವಿಶ್ವಾಸಿಯಾಗಿದ್ದ. ಅವನನ್ನ ವಾಪಸ್ ಕಳಿಸ್ತಾ ಪೌಲ ಧಣಿಗೆ ಹೇಳ್ತಾನೆ, ಇವನನ್ನ ಇನ್ನು ಗುಲಾಮ ಅಂತ ನೋಡಬೇಡ, ತಮ್ಮ ಅಂತ ನೋಡು ಅಂತ. ಇಲ್ಲಿಗೆ ನಿಲ್ಲಿಸಿದ್ರೆ ಅದು ಒಂದು ಒಳ್ಳೇ ಪ್ರಸಂಗ ಆಗ್ತಿತ್ತು ಅಷ್ಟೇ. ಪೌಲ ಮುಂದೆ ಹೋಗಿ, ಇವನಿಂದ ನಿನಗೆ ಬರಬೇಕಾದ ಬಾಕಿ ಏನಾದ್ರೂ ಇದ್ರೆ ಅದನ್ನ ತಾನೇ ತುಂಬಿಕೊಡ್ತೀನಿ ಅಂತ ತನ್ನ ಕೈಯಾರೆ ಬರೆದು ಕೊಡ್ತಾನೆ. ಗುಮಾಸ್ತನಿಗೆ ಇಷ್ಟವಾಗೋ ಪ್ರೀತಿ ಇದು. ಇದರಲ್ಲಿ ಲೆಕ್ಕ ಇದೆ, ಸಹಿ ಇದೆ. ಕ್ರೈಸ್ತ ಅಂತ ಕಾಗದದಲ್ಲಿ ಬರೆಸಿದ್ದಕ್ಕೆ ಒಂದು ಮಗು ಸ್ಕಾಲರ್‌ಶಿಪ್ ಕಳಕೊಂಡ್ರೆ, ಆ ಮೊತ್ತ ಎಷ್ಟು ಅಂತ ಸಭೆ ಲೆಕ್ಕ ಹಾಕಲಿ. ಕಂಪೌಂಡ್ ಗೋಡೆಗೆ ಗ್ರಾನೈಟ್ ಹಾಕೋ ದುಡ್ಡಿನಲ್ಲಿ ಎಷ್ಟು ಮಕ್ಕಳ ಬಾಕಿ ತೀರುತ್ತೆ ನೋಡೋಣ. ಅದಾದ ಮೇಲೆ ಕೋಳಿ ಕೂಗಿದ ಪ್ರಸಂಗ ಮಾಡಿ, ನಾನೇ ಬಂದು ಮೊದಲ ಬೆಂಚಿನಲ್ಲಿ ಕೂರ್ತೀನಿ.

ಇನ್ನೊಂದು ಬರೆಯಲೇಬೇಕು. ರಾಜ್ಯದಲ್ಲಿ 2022ರಲ್ಲಿ ಮತಾಂತರ ವಿರೋಧಿ ಕಾಯ್ದೆ ಬಂತು. ಅದರಲ್ಲಿ ಪರಿಶಿಷ್ಟರು, ಹೆಣ್ಣುಮಕ್ಕಳ ವಿಷಯ ಬಂದ್ರೆ ಶಿಕ್ಷೆ ಹೆಚ್ಚು, ಹತ್ತು ವರ್ಷದ ತನಕ. ಅಂದ್ರೆ ನಮಗೆ ಸ್ವಂತ ಬುದ್ಧಿ ಇಲ್ಲ ಅಂತ ಕಾನೂನೇ ಹೇಳಿದ ಹಾಗೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನ ರದ್ದು ಮಾಡೋಕೆ ತೀರ್ಮಾನ ಮಾಡಿತು. ಆದ್ರೆ ಬೀದಿಯಲ್ಲಿ ಗುಂಪು ಕಟ್ಟಿಕೊಂಡು ಬರೋರಿಗೆ ಸಂಪುಟದ ತೀರ್ಮಾನ ಯಾರು ಓದಿ ಹೇಳಬೇಕು? ಆ ಕಾಲದಲ್ಲಿ ಒಂದು ತಾಂಡಾ ಪಕ್ಕದ ಕೇರಿಯಲ್ಲಿ, ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಮಾಡ್ತಿದ್ದ ಹತ್ತಿಪ್ಪತ್ತು ಜನರ ಮೇಲೆ ಗುಂಪು ಬಂತು. ಹಾರ್ಮೋನಿಯಂ ಒಡೆದ್ರು, ಪ್ರಾರ್ಥನೆ ನಡೆಸ್ತಿದ್ದ ಹುಡುಗನನ್ನ ಎಳಕೊಂಡು ಠಾಣೆಗೆ ಕೊಟ್ಟರು. ಹುಡುಗನ ಅವ್ವ ರಾತ್ರಿ ಎಂಟಕ್ಕೆ ನನಗೆ ಫೋನ್ ಮಾಡಿದ್ಲು. "ಯಪ್ಪಾ, ಯಾರೂ ಬರ್ವಲ್ರು" ಅಂದ್ಲು.

ನಾನು ಪಟ್ಟಣದ ಒಂದು ದೊಡ್ಡ ಸಭೆಯ ಹಿರಿಯರಿಗೆ ಫೋನ್ ಮಾಡಿದೆ. ವಕೀಲರು ಇದ್ರು ಅವರಲ್ಲಿ. "ಅವರು ನಮ್ಮ ಪಂಗಡದವರಲ್ರೀ. ಸ್ವತಂತ್ರ ಸಭೆಯವರು. ಚಪ್ಪಾಳಿ ಹೊಡ್ದು ಒದರ್ತಾರ, ನಮಗ್ಯಾಕ ಅವರ ಉಸಾಬರಿ?" ಅಂದ್ರು. ಠಾಣೆ ಮುಂದೆ ಅವತ್ತು ರಾತ್ರಿ ಬಂದು ನಿಂತವರು ದಲಿತ ಸಂಘಟನೆಯ ಆರು ಹುಡುಗರು. ಒಬ್ಬನೂ ಕ್ರೈಸ್ತ ಅಲ್ಲ. ಅವರಲ್ಲಿ ಇಬ್ಬರು ದೇವರನ್ನೇ ನಂಬಲ್ಲ. ಬೆಳಗಿನ ತನಕ ಕೂತಿದ್ದು, ಸಂವಿಧಾನದ 25ನೇ ವಿಧಿ ಮೊಬೈಲ್‌ನಲ್ಲಿ ತೆಗೆದು ಪಿಎಸ್‌ಐಗೆ ತೋರಿಸಿ, ಹುಡುಗನನ್ನ ಬಿಡಿಸಿಕೊಂಡು ಬಂದ್ರು. ಆ ತಾಯಿ ಅವರಿಗೆಲ್ಲ ಜೋಳದ ರೊಟ್ಟಿ, ಪುಂಡಿಪಲ್ಯೆ ಮಾಡಿ ಉಣಿಸಿದ್ಲು. ಒಳ್ಳೇ ಸಮಾರ್ಯದವನ ಕತೆ ಭಾನುವಾರ ಶಾಲೆಯಲ್ಲಿ ಬಣ್ಣದ ಚಿತ್ರ ತೋರಿಸಿ ಮಕ್ಕಳಿಗೆ ಹೇಳ್ತೀವಲ್ಲ, ಅದರಲ್ಲಿ ಪಕ್ಕಕ್ಕೆ ಸರಿದು ಹೋದವರು ಯಾರು ಅಂತಲೂ ಹೇಳಬೇಕು. ಒಬ್ಬ ಯಾಜಕ, ಒಬ್ಬ ಲೇವಿಯ.

ಪಂಗಡ ಬೇರೆ, ಸರಿ. ಆದ್ರೆ ನಿಜ ಹೇಳ್ರಿ, ಆ ತಗಡಿನ ಶೆಡ್ಡಿನಲ್ಲಿ ಇದ್ದವರು ಪಟ್ಟಣದ ದೊಡ್ಡ ಮನೆತನಗಳಾಗಿದ್ರೆ ಪಂಗಡದ ಮಾತು ಬರ್ತಿತ್ತಾ?

ಇನ್ನು ಕಮಿಟಿ ವಿಷಯ, ಬೇಗ ಮುಗಿಸ್ತೀನಿ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಒಂದು ದೂರು ಬರುತ್ತೆ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡೋ ವಿಧವೆಯರನ್ನ ಬಿಟ್ಟುಬಿಡ್ತಿದಾರೆ ಅಂತ. ಅಪೊಸ್ತಲರು, ಸಭೆ ಒಡೀಬೇಡಿ, ಭಾಷೆ ಮಾತು ಎತ್ತಬೇಡಿ ಅನ್ನಲಿಲ್ಲ. ಏಳು ಜನರನ್ನ ಆರಿಸಿ ಹಂಚಿಕೆ ಅವರ ಕೈಗೆ ಕೊಡಿ ಅಂದ್ರು. ಆ ಏಳೂ ಹೆಸರು ನೋಡಿ, ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಯಾರಿಗೆ ಅನ್ಯಾಯ ಆಗಿತ್ತೋ ಅವರ ಕಡೆಯವರ ಕೈಗೆ ಉಗ್ರಾಣದ ಕೀಲಿ ಬಂತು. ನಮ್ಮ ಸಭೆಗಳಲ್ಲಿ ಶಾಲೆ ಇದೆ, ಆಸ್ಪತ್ರೆ ಇದೆ, ಮಿಷನ್ ಕಾಲದ ಜಮೀನು ಇದೆ, ಬಾಡಿಗೆ ಅಂಗಡಿ ಇದೆ. ಕೀಲಿ ಯಾರ ಕೈಯಲ್ಲಿದೆ ಅಂತ ನಿಮ್ಮ ನಿಮ್ಮ ಊರಿನ ಪಟ್ಟಿ ನೀವೇ ಮಾಡಿಕೊಳ್ಳಿ. ಕೇರಿಯ ಹೆಣ್ಣುಮಗಳೊಬ್ಬಳು ಖಜಾಂಚಿ ಆಗಿದ್ದು ನಾನಂತೂ ಇನ್ನೂ ನೋಡಿಲ್ಲ. ಗುಡಿಸೋಕೆ, ಹೂ ಇಡೋಕೆ ಆಕೆ ಬೇಕು.

ಈ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದು "ನೋಡಿ, ಚರ್ಚಿನಲ್ಲೂ ಜಾತಿ ಇದೆ, ಘರ್ ವಾಪ್ಸಿ ಬನ್ನಿ" ಅನ್ನೋರು ಇದಾರೆ. ಅವರಿಗೂ ಎರಡು ಮಾತು. ಯಾವ ಮನೆಯ ಕಸ ನಮ್ಮ ಕಾಲಿಗೆ ಮೆತ್ತಿಕೊಂಡು ಚರ್ಚಿನ ಒಳಗೆ ಬಂತೋ, ಆ ಮನೆಗೇ ವಾಪಸ್ ಬಾ ಅಂತೀರಲ್ಲ. ಮೀಸಲಾತಿ ಕೇಳಿದಾಗ ಕ್ರೈಸ್ತರಲ್ಲಿ ಜಾತಿ ಇಲ್ಲ ಅನ್ನೋರು ನೀವೇ, ಹಂಗಿಸುವಾಗ ಕ್ರೈಸ್ತರಲ್ಲೂ ಜಾತಿ ಇದೆ ಅನ್ನೋರು ನೀವೇ. 2025ರ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ಲಿಂಗಾಯತ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್ ಅಂತೆಲ್ಲ ಕಂಡಾಗ ಎಷ್ಟು ಗದ್ದಲ! ಕೊನೆಗೆ ಆಯೋಗ ಇಂಥ 33 ಹೆಸರನ್ನ ಆ್ಯಪ್‌ನ ಪಟ್ಟಿಯಲ್ಲಿ ಕಾಣದ ಹಾಗೆ ಮಾಡಿತು. ಹೆಸರು ಮರೆಯಾಯ್ತು. "ನಿಮ್ದು ಮೊದ್ಲಿಂದು ಯಾವ್ದ್ರಿ" ಅನ್ನೋ ಪ್ರಶ್ನೆ ಮರೆಯಾಯ್ತಾ?

ಸಂಘಟನೆಯ ಗೆಳೆಯರು ಕೇಳೋದು ಬೇರೆ. "ಇಷ್ಟೆಲ್ಲ ಗೊತ್ತಿದ್ದೂ ಅಲ್ಲೇ ಯಾಕಿದೀಯ? ಬಾಬಾಸಾಹೇಬರು ತೋರಿಸಿದ ದಾರಿಗೆ ಬಾ" ಅಂತ. ಬಾಬಾಸಾಹೇಬರು ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ವಿವರವಾಗಿ ಬರೆದಿದಾರೆ. ಚರ್ಚಿನ ಒಳಗೆ ಜಾತಿ ಉಳಿದಿದೆ, ಭಾರತದ ಕ್ರೈಸ್ತರು ಒಂದು ಸಮುದಾಯವಾಗಿ ಸಾಮಾಜಿಕ ಅನ್ಯಾಯದ ವಿರುದ್ಧ ಹೋರಾಡಿಲ್ಲ ಅನ್ನೋದು ಅವರ ಕಟುವಾದ ಮಾತು. ಅದನ್ನ ಓದಿದಾಗ ನನಗೆ ಚುಚ್ಚುತ್ತೆ. ಕೇರಳದ ಪೊಯ್ಕಯಿಲ್ ಯೋಹನ್ನಾನ್ ಅವರು ನೂರು ವರ್ಷದ ಹಿಂದೆಯೇ ಚರ್ಚಿನ ಜಾತಿಗೆ ರೋಸಿ ಹೊರಗೆ ಬಂದು ತಮ್ಮದೇ ಪಂಥ ಕಟ್ಟಿದ್ರು. ಹೊರಗೆ ಹೋದವರನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದ ಆ ಹೆಣ್ಣುಮಗಳು ಇನ್ನೂ ಒಳಗೇ ಇದಾಳೆ. ಮುತ್ತಜ್ಜನ ಸಮಾಧಿ ಒಳಗಿದೆ. ಕಟ್ಟಡಕ್ಕೆ ಕಲ್ಲು ಹೊತ್ತವರು ನಮ್ಮ ಅಜ್ಜಿಯರು. ಮನೆ ನಮ್ಮದೂ ಹೌದು. ಬಾಡಿಗೆಯವನ ಹಾಗೆ ನಾನ್ಯಾಕೆ ಎದ್ದು ಹೋಗಲಿ?

ನಮ್ಮ ಸಭೆಯ ಕಮಿಟಿಗೆ ಹೋದ ಭಾನುವಾರ ಒಂದು ಅರ್ಜಿ ಕೊಟ್ಟಿದೀನಿ. ಸಭೆಯಲ್ಲಿ ಜಾತಿ ಹೆಸರಿನಲ್ಲಿ ಆದ ಯಾವುದೇ ದೂರನ್ನ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಕಾಗದದಲ್ಲಿ ಕ್ರಿಶ್ಚಿಯನ್ ಅಂತ ಇರೋ ಬಡ ಮಕ್ಕಳಿಗೆ ಪರಿಶಿಷ್ಟ ಜಾತಿ ಮಕ್ಕಳಿಗೆ ಸಿಗೋ ಸ್ಕಾಲರ್‌ಶಿಪ್ಪಿನಷ್ಟು ಮೊತ್ತ ಸಭೆಯ ನಿಧಿಯಿಂದ ಕೊಡಬೇಕು. ಯಾವ ಪಂಗಡದ ವಿಶ್ವಾಸಿಯನ್ನ ಠಾಣೆಗೆ ಒಯ್ದರೂ ಇಬ್ಬರು ಹಿರಿಯರು, ಒಬ್ಬ ವಕೀಲರು ಆ ರಾತ್ರಿಯೇ ಹೋಗಬೇಕು. ಕಾರ್ಯದರ್ಶಿ ಓದಿ, "ಇದನ್ನ ಬಾಯಿ ಮಾತಿನ್ಯಾಗ ಹೇಳಿದ್ರ ಸಾಕಿತ್ತಲ್ಲ ತಮ್ಮಾ" ಅಂದ್ರು. "ಇಲ್ರಿ ಅಣ್ಣಾರ, ಕಾಗದದಾಗೇ ಇರ್ಲಿ, ಸ್ವೀಕೃತಿ ಹಾಕ್ರಿ" ಅಂದೆ. ಸೀಲ್ ಇರಲಿಲ್ಲ. ಸಹಿ ಮಾಡಿ ತಾರೀಖು ಹಾಕಿ ಕೊಟ್ರು. ಕಮಿಟಿ ಕೂಡೋದು ಬರೋ ತಿಂಗಳ ಎರಡನೇ ಭಾನುವಾರ, ಆರಾಧನೆ ಆದ ಮೇಲೆ. ಸಭೆಯ ಸದಸ್ಯರು ಯಾರು ಬೇಕಾದ್ರೂ ಬಂದು ಕೂರಬಹುದು ಅಂತ ನಿಯಮದಲ್ಲೇ ಇದೆ, ನಾನು ನೋಡಿಕೊಂಡಿದೀನಿ. ಬರ್ರಿ. ನಿಮ್ಮ ಸಭೆಗೂ ಇಂಥದ್ದೇ ಅರ್ಜಿ ಕೊಡೋದಿದ್ರೆ ಇನ್‌ಬಾಕ್ಸ್‌ನಲ್ಲಿ ಕೇಳಿ, ನಮೂನೆ ಟೈಪ್ ಮಾಡಿ ಇಟ್ಟಿದೀನಿ.

ಜೈ ಭೀಮ್.